ಸೊಂಟ ನೋವು ನಿಜ, ಆದ್ರೆ ‘ಸೊಂಟ ಹೋಗಿದೆ’ ಅನ್ನೋದು ನಿಜಾನಾ?



ಪ್ರತಿ ವಾರ ಗೊಬ್ಬರ, ಕೀಟ, ಮಾರುಕಟ್ಟೆ ಅಂತ ಮಾತಾಡ್ತೀವಿ. ಈ ವಾರ ತೋಟದಲ್ಲಿ ಎಲ್ಲಕ್ಕಿಂತ ಹೆಚ್ಚು ದುಡಿಯೋ, ಆದ್ರೆ ನಾವು ಯಾವತ್ತೂ ತಲೆ ಕೆಡಿಸ್ಕೊಳ್ಳದ ಒಂದು ಸಾಧನದ ಬಗ್ಗೆ ಬರೀತಿದ್ದೀನಿ. ಅದು ನಮ್ಮ ಸೊಂಟ.

ನಗಬೇಡಿ. ಈ ಸೊಂಟದ ದೆಸೆಯಿಂದ ನಾನು ಒಂದು ಎಕರೆ ಸಾವಯವ ಭೂಮಿ ಕಳ್ಕೊಂಡಿದ್ದೀನಿ. ನೋವಿಗಿಂತ ಹೆಚ್ಚಾಗಿ, ಆ ನೋವಿನ ಬಗ್ಗೆ ನಾನು ನಂಬಿಕೊಂಡಿದ್ದ ವಿಷಯದಿಂದ ಕಳ್ಕೊಂಡೆ. ಅದೇ ಕಥೆ ಇವತ್ತು ಹೇಳ್ತೀನಿ. ನಿಮ್ಮ ಮನೇಲೂ ಯಾರಾದ್ರೂ ಬೆಲ್ಟ್ ಕಟ್ಕೊಂಡು ಕೂತಿದ್ರೆ ಅವರಿಗೂ ಓದಿ ಹೇಳಿ.

ಮಂಕ್ರಿ ಎತ್ತಿದ ದಿನ

ತೋಟಗಾರಿಕೆ ಪದವಿ ಮುಗಿಸಿ, ನಾಲ್ಕು ವರ್ಷ ಕಂಪನಿ ಕೆಲಸ ಮಾಡಿ, ಅರಕಲಗೂಡು ತಾಲೂಕಿನ ನಮ್ಮೂರಿಗೆ ವಾಪಸ್ ಬಂದವನು ನಾನು. ನಾಲ್ಕು ಎಕರೆಯಲ್ಲಿ ಬಾಳೆ, ತೆಂಗು, ಮಧ್ಯೆ ತರಕಾರಿ. ಒಂದು ಬೆಳಗ್ಗೆ ಕೊಟ್ಟಿಗೆ ಗೊಬ್ಬರದ ಮಂಕ್ರಿ ಎತ್ತುವಾಗ ಸೊಂಟದಲ್ಲಿ ಚಳಕ್ ಅಂತು. ಅಲ್ಲೇ ಕೂತ್ಬಿಟ್ಟೆ. ಅಪ್ಪ ಬಂದು ಎಬ್ಬಿಸಿದ್ರು.

ಸಾಮಾನ್ಯವಾಗಿ ಇಂಥ ನೋವು ಕೆಲವು ವಾರದಲ್ಲಿ ಇಳಿಯುತ್ತೆ. ನನ್ನದು ಇಳೀಲಿಲ್ಲ. ಮೂರು ತಿಂಗಳಾದ್ಮೇಲೆ ಎಂಆರ್‌ಐ ಮಾಡಿಸಿದೆ. ರಿಪೋರ್ಟ್‌ನಲ್ಲಿ ‘ಡಿಸ್ಕ್ ಬಲ್ಜ್’ ಅಂತ ಬಂತು. ‘ಇನ್ಮೇಲೆ ಬಗ್ಗಬೇಡಿ, ಭಾರ ಎತ್ತಬೇಡಿ, ಬೆಲ್ಟ್ ಹಾಕ್ಕೊಳ್ಳಿ’ ಅಂದ್ರು. ಊರಲ್ಲಿ ಹಿರಿಯರು ಅದಕ್ಕೆ ಇನ್ನೊಂದು ಮಾತು ಸೇರಿಸಿದ್ರು: ‘ಸೊಂಟ ಒಂದ್ಸಲ ಹೋದ್ರೆ ಹೋದಂಗೆ ಕಣಪ್ಪ.’

ಅವತ್ತಿಂದ ಎರಡು ವರ್ಷ ನಾನು ಗಾಜಿನ ಪಾತ್ರೆ ಥರ ಬದುಕಿದೆ. ಚಪ್ಪಲಿ ಬಿದ್ರೂ ಕಾಲಲ್ಲೇ ಎತ್ತುತ್ತಿದ್ದೆ. ಅರವತ್ತು ದಾಟಿದ ಅಪ್ಪ ಕೊಡ ಹೊರೋರು, ನಾನು ನಿಂತು ನೋಡೋನು. ಆ ಅವಮಾನ ನೋವಿಗಿಂತ ಜಾಸ್ತಿ. ಕೊನೆಗೆ ‘ನನ್ನ ಕೈಲಾಗಲ್ಲ’ ಅಂತ ಒಂದು ಎಕರೆಯನ್ನ ಶುಂಠಿ ಹಾಕೋರಿಗೆ ಗುತ್ತಿಗೆ ಕೊಟ್ಟೆ. ಐದು ವರ್ಷ ಜೀವಾಮೃತ, ಹಸಿರೆಲೆ ಗೊಬ್ಬರ ಕೊಟ್ಟು ಎಬ್ಬಿಸಿದ ಮಣ್ಣದು. ಒಂದು ಬೆಳೆಯಲ್ಲಿ ಅದರ ಮೇಲೆ ಏನೇನು ಸುರಿದರೋ ನಿಮಗೇ ಗೊತ್ತು. ಆ ಎಕರೆಯ ಸಾವಯವ ಪ್ರಮಾಣಪತ್ರದ ಲೆಕ್ಕ ಮತ್ತೆ ಮೊದಲಿಂದ ಶುರುವಾಯ್ತು.

ಕರು ಬಿದ್ದ ರಾತ್ರಿ

ಆ ಮಳೆಗಾಲದಲ್ಲಿ ಒಂದು ರಾತ್ರಿ ನಮ್ಮ ಕರು ಹಗ್ಗ ಕಿತ್ಕೊಂಡು ಹೋಗಿ ಕೃಷಿ ಹೊಂಡಕ್ಕೆ ಬಿತ್ತು. ಪ್ಲಾಸ್ಟಿಕ್ ಶೀಟ್ ಹಾಸಿದ ಹೊಂಡ. ಜಾರಿದ್ರೆ ಮೇಲೆ ಬರೋಕಾಗಲ್ಲ. ಯೋಚನೆ ಮಾಡೋಕೆ ಟೈಮ್ ಇರ್ಲಿಲ್ಲ. ಹಗ್ಗ ಕಟ್ಕೊಂಡು ಇಳಿದೆ. ಕರುವನ್ನ ಕೆಳಗಿಂದ ನೂಕಿದೆ, ಅಪ್ಪ ಮತ್ತು ಪಕ್ಕದ ತೋಟದವರು ಮೇಲಿಂದ ಎಳೆದ್ರು. ಇಪ್ಪತ್ತು ನಿಮಿಷ ಬಗ್ಗಿ, ತಿರುಗಿ, ಎತ್ತಿ ಎಲ್ಲಾ ಮಾಡಿದ್ದೀನಿ. ಕರು ಉಳೀತು.

ಮನೆಗೆ ಬಂದು ಒದ್ದೆ ಬಟ್ಟೆ ಬಿಚ್ಚುವಾಗ ತಲೆಗೆ ಹೊಳೀತು: ‘ಅಯ್ಯೋ, ನನ್ನ ಸೊಂಟ!’ ಹಾಗೆ ಅಂದ್ಕೊಂಡ ಮೇಲೆ ನೋವು ಶುರುವಾಯ್ತು. ಹೊಂಡದಲ್ಲಿ ಇರೋವಾಗ ಇರ್ಲಿಲ್ಲ!

ಇದನ್ನ ನನ್ನ ಹಾಸ್ಟೆಲ್ ಗೆಳೆಯನ ಹೆಂಡತಿಗೆ ಹೇಳಿದೆ. ಅವರು ಫಿಸಿಯೋಥೆರಪಿಸ್ಟ್. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ನಿಮ್ಮ ಬೆನ್ನು ನಿಜವಾಗ್ಲೂ ಮುರಿದಿದ್ರೆ, ಕರು ಎತ್ತೋವಾಗ ಅದಕ್ಕೆ ಗೊತ್ತಾಗ್ಬೇಕಿತ್ತಲ್ವಾ?’

ಸ್ಟಾರ್ಟರ್ ಟ್ರಿಪ್ ಆಗೋ ಲೆಕ್ಕ

ಅವರು ವಿವರಿಸಿದ್ದನ್ನ ನಾನು ನಮ್ಮ ಭಾಷೇಲಿ ಹೇಳ್ತೀನಿ.

ಬೋರ್‌ವೆಲ್ ಸ್ಟಾರ್ಟರ್‌ನಲ್ಲಿ ಓವರ್‌ಲೋಡ್ ರಿಲೇ ಇರುತ್ತಲ್ಲ. ಮೋಟಾರ್ ಜಾಸ್ತಿ ಕರೆಂಟ್ ಎಳೆದ್ರೆ ಟ್ರಿಪ್ ಮಾಡಿ ಕಾಪಾಡುತ್ತೆ. ನಮ್ಮನೇಲಿ ಒಂದ್ಸಲ ಮೋಟಾರ್ ಸುಟ್ಟುಹೋಯ್ತು. ರಿವೈಂಡಿಂಗ್ ಮಾಡಿಸಿ ಇಳಿಸಿದ್ಮೇಲೆ ಭಯಕ್ಕೆ ಅಪ್ಪ ರಿಲೇ ಡಯಲ್ ಕಮ್ಮಿಗೆ ತಿರುಗಿಸಿಟ್ರು. ಆಮೇಲೆ ಹತ್ತು ನಿಮಿಷಕ್ಕೊಂದ್ಸಲ ಟ್ರಿಪ್. ಮೋಟಾರ್ ಹೋಗಿದೆ ಅಂತ ಮೇಲೆತ್ತಿಸೋಕೆ ಹೊರಟಿದ್ವಿ. ಎಲೆಕ್ಟ್ರಿಷಿಯನ್ ಬಂದು ಆಂಪಿಯರ್ ನೋಡಿ ನಕ್ಕ: ‘ಮೋಟಾರ್ ಚೆನ್ನಾಗೇ ಇದೆ ಸಾರ್, ಸೆಟ್ಟಿಂಗ್ ಕಮ್ಮಿಯಾಗಿದೆ.’

ನೋವೂ ಹೀಗೇ ಒಂದು ರಕ್ಷಣೆ ವ್ಯವಸ್ಥೆ. ಪೆಟ್ಟಾದಾಗ ನರಗಳು ಮಿದುಳಿಗೆ ಸಂದೇಶ ಕಳಿಸುತ್ತವೆ. ಅದು ಅಪಾಯವೋ ಅಲ್ಲವೋ ಅಂತ ಮಿದುಳು ತೂಗಿ ನೋಡುತ್ತೆ. ಹಳೆಯ ಅನುಭವ, ಭಯ, ನಿದ್ದೆ, ಸಾಲದ ಚಿಂತೆ, ಡಾಕ್ಟರ್ ಹೇಳಿದ ಮಾತು ಎಲ್ಲವೂ ಆ ತೂಕಕ್ಕೆ ಸೇರುತ್ತೆ. ಅಪಾಯ ಅನ್ನಿಸಿದ್ರೆ ನೋವು. ಪೆಟ್ಟು ವಾಸಿಯಾದ ಮೇಲೂ ಕೆಲವರಲ್ಲಿ ಈ ವ್ಯವಸ್ಥೆ ಸೂಕ್ಷ್ಮವಾಗೇ ಉಳಿದುಬಿಡುತ್ತೆ. ಡಯಲ್ ಕಮ್ಮಿಯಲ್ಲೇ ಇರುತ್ತೆ. ಸುಮ್ನೆ ಬಗ್ಗಿದ್ರೂ ಟ್ರಿಪ್.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರ್ಲಿ. ಇದರರ್ಥ ನೋವು ಸುಳ್ಳು ಅಂತಲ್ಲ, ನಾಟಕ ಅಂತಲ್ಲ. ಸ್ಟಾರ್ಟರ್ ನಿಜವಾಗ್ಲೂ ಟ್ರಿಪ್ ಆಗ್ತಾ ಇತ್ತು, ನೀರು ನಿಜವಾಗ್ಲೂ ನಿಂತಿತ್ತು. ತಪ್ಪಿದ್ದು ‘ಮೋಟಾರ್ ಸುಟ್ಟಿದೆ’ ಅನ್ನೋ ನಮ್ಮ ತೀರ್ಮಾನ ಮಾತ್ರ.

ಬೂಟಿನೊಳಗಿನ ಮೊಳೆ

1995ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಚಿಕ್ಕ ಪ್ರಕರಣ ಪ್ರಕಟವಾಗಿತ್ತು. 29 ವರ್ಷದ ಕಟ್ಟಡ ಕೆಲಸಗಾರನೊಬ್ಬ 15 ಸೆಂಟಿಮೀಟರ್ ಮೊಳೆ ಮೇಲೆ ಹಾರಿಬಿಟ್ಟ. ಮೊಳೆ ಬೂಟಿನ ಅಡಿಯಿಂದ ಮೇಲಕ್ಕೆ ಬಂದಿತ್ತು. ಸ್ವಲ್ಪ ಅಲುಗಿದ್ರೂ ಚೀರಾಟ. ಆಸ್ಪತ್ರೆಯಲ್ಲಿ ಮತ್ತಿನ ಔಷಧಿ ಕೊಟ್ಟು ಮೊಳೆ ಎಳೆದ್ರು. ಬೂಟ್ ಬಿಚ್ಚಿ ನೋಡಿದ್ರೆ ಮೊಳೆ ಎರಡು ಬೆರಳಿನ ಮಧ್ಯೆ ಹಾದುಹೋಗಿದೆ. ಕಾಲಿಗೆ ಒಂದು ಗೀರೂ ಇಲ್ಲ.

ಆತ ನಾಟಕ ಮಾಡಿದ್ನಾ? ಇಲ್ಲ. ಕಣ್ಣಿಗೆ ಕಂಡದ್ದನ್ನ ಮಿದುಳು ನಂಬಿತು, ನೋವು ಕೊಟ್ಟಿತು. ನನ್ನ ಪಾಲಿಗೆ ಆ ಮೊಳೆ ಅಂದ್ರೆ ಎಂಆರ್‌ಐ ರಿಪೋರ್ಟ್.

ಸ್ಕ್ಯಾನ್‌ನಲ್ಲಿ ಕಂಡದ್ದೆಲ್ಲ ರೋಗವಲ್ಲ

ನಾವು ತೋಟಗಾರಿಕೆ ಓದೋವಾಗ ಮೊದಲು ಕಲಿಯೋದೇ ಇದು: ಎಲೆ ಹಳದಿಯಾದ ತಕ್ಷಣ ರೋಗ ಅನ್ಬೇಡ. ಬಾಳೆಯ ಕೆಳಗಿನ ಹಳೆ ಎಲೆ ವಯಸ್ಸಾಗಿ ಒಣಗೋದು ಸಹಜ. ನಮ್ಮ ಬೆನ್ನಿನ ವಿಷಯದಲ್ಲಿ ಇದನ್ನೇ ಮರೀತೀವಿ.

2015ರಲ್ಲಿ ಒಂದು ದೊಡ್ಡ ವಿಶ್ಲೇಷಣೆ ಪ್ರಕಟವಾಯ್ತು. ಬೆನ್ನು ನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳ ವರದಿಗಳನ್ನ ಒಟ್ಟು ಮಾಡಿ ನೋಡಿದ್ರು. ನೋವಿಲ್ಲದ 20 ವರ್ಷದವರಲ್ಲೇ ಶೇ. 30ರಷ್ಟು ಜನಕ್ಕೆ ಡಿಸ್ಕ್ ಬಲ್ಜ್ ಇತ್ತು. 30 ವರ್ಷದವರಲ್ಲಿ ಶೇ. 40. 80 ವರ್ಷದವರಲ್ಲಿ ಶೇ. 84. ಅಂದ್ರೆ ತಲೆಗೂದಲು ಬೆಳ್ಳಗಾದಂತೆ ಡಿಸ್ಕ್‌ಗೂ ವಯಸ್ಸಾಗುತ್ತೆ. ಆರಾಮಾಗಿ ಗದ್ದೇಲಿ ನಾಟಿ ಮಾಡ್ತಿರೋ ಎಷ್ಟೋ ಜನರನ್ನ ಹಿಡಿದು ಸ್ಕ್ಯಾನ್ ಮಾಡಿದ್ರೆ ನನ್ನ ರಿಪೋರ್ಟೇ ಬರುತ್ತೆ.

‘ಡಿಸ್ಕ್ ಜಾರಿದೆ’ ಅನ್ನೋ ಮಾತೂ ಅಷ್ಟೇ. ಡಿಸ್ಕ್ ಸೋಪಿನ ಥರ ಜಾರಿ ಹೋಗಲ್ಲ. ಮೇಲಿನ ಕೆಳಗಿನ ಮೂಳೆಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತೆ. ಕೆಲವೊಮ್ಮೆ ಉಬ್ಬುತ್ತೆ, ಕೆಲವೊಮ್ಮೆ ಅದರ ಒಳಭಾಗ ಹೊರಬಂದು ನರ ಒತ್ತುತ್ತೆ, ಬಹಳಷ್ಟು ಸಲ ಕಾಲಕ್ರಮೇಣ ತಾನೇ ಕುಗ್ಗುತ್ತೆ. ಈ ಒಂದು ಮಾತು ಯಾರಾದ್ರೂ ಎರಡು ವರ್ಷದ ಹಿಂದೆ ಹೇಳಿದ್ರೆ ನನ್ನ ಎಕರೆ ಉಳೀತಿತ್ತೇನೋ.

ಬೌಲ್ಡರ್‌ನಲ್ಲಿ ನಡೆದ ಪ್ರಯೋಗ

‘ಬರೀ ನಂಬಿಕೆ ಬದಲಾದ್ರೆ ನೋವು ಹೋಗುತ್ತಾ?’ ಅಂತ ನಿಮಗೆ ಅನುಮಾನ ಬರಬೇಕು. ನನಗೂ ಬಂತು. ಪ್ರಾತ್ಯಕ್ಷಿಕೆ ತಾಕು ನೋಡದೆ ಹೊಸ ತಳಿ ಹಾಕ್ತೀವಾ?

ಅಮೆರಿಕದ ಬೌಲ್ಡರ್ ಊರಿನಲ್ಲಿರೋ ಕೊಲೊರಾಡೋ ವಿಶ್ವವಿದ್ಯಾಲಯದಲ್ಲಿ ಯೋನಿ ಆಶರ್, ಟೋರ್ ವೇಜರ್ ಮತ್ತು ಅವರ ಜೊತೆಯವರು ಇದನ್ನೇ ಪರೀಕ್ಷಿಸಿದ್ರು. ಫಲಿತಾಂಶ 2021ರಲ್ಲಿ ‘ಜಾಮಾ ಸೈಕಿಯಾಟ್ರಿ’ ಅನ್ನೋ ಪತ್ರಿಕೆಯಲ್ಲಿ ಬಂತು. 151 ಜನ, ಸರಾಸರಿ 10 ವರ್ಷದಿಂದ ಬೆನ್ನು ನೋವು ಅನುಭವಿಸ್ತಿದ್ದವರು. ಅವರನ್ನ ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದ್ರು.

- ಮೊದಲ ಗುಂಪಿಗೆ ನಾಲ್ಕು ವಾರ ‘ಪೇನ್ ರೀಪ್ರೊಸೆಸಿಂಗ್ ಥೆರಪಿ’. ವೈದ್ಯರ ಜೊತೆ ಒಂದು ಮಾತುಕತೆ, ಚಿಕಿತ್ಸಕರ ಜೊತೆ ಎಂಟು ಭೇಟಿ.
- ಎರಡನೇ ಗುಂಪಿಗೆ ಬೆನ್ನಿಗೆ ಬರೀ ಉಪ್ಪುನೀರಿನ ಇಂಜೆಕ್ಷನ್. ಅದರಲ್ಲಿ ಔಷಧಿ ಇಲ್ಲ ಅಂತ ಅವರಿಗೆ ಹೇಳಿಯೇ ಕೊಟ್ರು.
- ಮೂರನೇ ಗುಂಪು ಮೊದಲಿಂದ ತಗೊಳ್ತಿದ್ದ ಚಿಕಿತ್ಸೆಯನ್ನೇ ಮುಂದುವರಿಸಿತು.

ಮೊದಲ ಗುಂಪಿನ ಶೇ. 66 ಜನಕ್ಕೆ ನೋವು ಪೂರ್ತಿ ಅಥವಾ ಹೆಚ್ಚೂಕಮ್ಮಿ ಪೂರ್ತಿ ಹೋಯ್ತು. ಎರಡನೇ ಗುಂಪಿನಲ್ಲಿ ಶೇ. 20, ಮೂರನೆಯದರಲ್ಲಿ ಶೇ. 10. ಒಂದು ವರ್ಷದ ನಂತರವೂ ಬಹುಪಾಲು ಲಾಭ ಉಳಿದಿತ್ತು. ‘ನೋವು ಅಂದ್ರೆ ಒಳಗೆ ಪೆಟ್ಟು ಆಗ್ತಿದೆ’ ಅನ್ನೋ ನಂಬಿಕೆ ಸಡಿಲವಾದದ್ದೇ ಈ ಗುಣಕ್ಕೆ ಒಂದು ದಾರಿ ಅಂತ ಅವರ ವಿಶ್ಲೇಷಣೆ ತೋರಿಸಿತು.

ಆ ಎಂಟು ಭೇಟಿಗಳಲ್ಲಿ ಮಾಡಿದ್ದೇನು? ನೋವಿಗೆ ಮಿದುಳಿನ ಪಾತ್ರ ಏನು ಅಂತ ವಿವರಿಸಿದ್ರು. ಅದಕ್ಕೆ ಅವರವರ ಜೀವನದಿಂದಲೇ ಸಾಕ್ಷಿ ಹುಡುಕಿಸಿದ್ರು. ಹೆದರಿ ಬಿಟ್ಟಿದ್ದ ಚಲನೆಗಳನ್ನ ‘ಇದು ಅಪಾಯ ಅಲ್ಲ’ ಅಂತ ಗಮನಿಸುತ್ತಾ ಮತ್ತೆ ಮಾಡಿಸಿದ್ರು. ಅಷ್ಟೇ.

ಮಿತಿಗಳನ್ನೂ ಹೇಳ್ಬೇಕು. ಇದು ಒಂದು ಊರಿನ ಪ್ರಯೋಗ. ಅವರಲ್ಲಿ ಹೆಚ್ಚಿನವರ ನೋವು ಮಧ್ಯಮ ಮಟ್ಟದ್ದು. ಬೆನ್ನಿಗಿಂತ ಕಾಲು ನೋವೇ ಜಾಸ್ತಿ ಇದ್ದವರನ್ನ ಸೇರಿಸಿರಲಿಲ್ಲ. ಹಾಗಾಗಿ ಎಲ್ಲರಿಗೂ, ಎಲ್ಲ ನೋವಿಗೂ ಇದೇ ಮದ್ದು ಅಂತ ನಾನು ಹೇಳಲ್ಲ.

ಆದ್ರೆ ದಿಕ್ಕು ಸ್ಪಷ್ಟವಾಗಿದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 1997ರಿಂದ ಟಿವಿ ಜಾಹೀರಾತು ಹಾಕಿ ‘ಬೆನ್ನು ನೋವಿಗೆ ಮಲಗಬೇಡಿ, ಓಡಾಡ್ತಾ ಇರಿ’ ಅಂತ ಜನಕ್ಕೆ ಹೇಳಿದ್ರು. ಅಲ್ಲಿ ಜನರ ನಂಬಿಕೆ ಬದಲಾಯ್ತು, ವೈದ್ಯರ ನಂಬಿಕೆಯೂ ಬದಲಾಯ್ತು, ಬೆನ್ನು ನೋವಿನ ಪರಿಹಾರದ ಅರ್ಜಿಗಳೂ ಇಳಿದ್ವು. ಪಕ್ಕದ ರಾಜ್ಯದಲ್ಲಿ ಅಂಥ ಬದಲಾವಣೆ ಕಾಣ್ಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಕೊಟ್ಟ ಮಾರ್ಗಸೂಚಿಯಲ್ಲೂ ದೀರ್ಘಕಾಲದ ಸೊಂಟ ನೋವಿಗೆ ತಿಳಿವಳಿಕೆ ಮತ್ತು ವ್ಯಾಯಾಮಕ್ಕೆ ಜಾಗ ಇದೆ. ಸೊಂಟದ ಬೆಲ್ಟ್ ಮತ್ತು ಟ್ರ್ಯಾಕ್ಷನ್ ಅನ್ನ ಮಾಮೂಲಾಗಿ ಕೊಡಬೇಡಿ ಅಂತಿದೆ.

ನಾನು ಮಾಡಿದ್ದು ಹೀಗೆ

ನನಗೆ ಬೌಲ್ಡರ್‌ನ ಚಿಕಿತ್ಸಕರು ಸಿಗ್ಲಿಲ್ಲ. ಫಿಸಿಯೋ ಹೇಳಿದ್ದನ್ನ ತೋಟಕ್ಕೆ ಹೊಂದಿಸ್ಕೊಂಡೆ.

1. ಫೋನ್‌ನಲ್ಲಿ ಸಾಕ್ಷಿ ಬರೆದಿಟ್ಟೆ. ನೋವು ಯಾವಾಗ ಬಂತು, ಯಾವಾಗ ಬರಲಿಲ್ಲ ಅಂತ ನೋಟ್ಸ್‌ನಲ್ಲಿ ಒಂದು ಸಾಲು. ತಿಂಗಳಾದ್ಮೇಲೆ ನೋಡಿದ್ರೆ ಸೊಸೈಟಿ ಸಾಲದ ಕಂತಿನ ವಾರ, ನಿದ್ದೆ ಕೆಟ್ಟ ದಿನ ನೋವು ಜಾಸ್ತಿ. ಗೆಳೆಯನ ಮದುವೇಲಿ ದಿನವಿಡೀ ನಿಂತು ಬಡಿಸಿದಾಗ ನೋವಿಲ್ಲ. ಮೂಳೆ ಮುರಿದಿದ್ರೆ ಅದು ಕಂತಿನ ತಾರೀಖು ನೋಡಿ ನೋಯಲ್ಲ.

2. ಮಾತು ಬದಲಾಯಿಸಿದೆ. ‘ಸೊಂಟ ಹೋಗಿದೆ’ ಅನ್ನೋದನ್ನ ಬಿಟ್ಟೆ. ನೋವು ಬಂದಾಗ ‘ರಿಲೇ ಟ್ರಿಪ್ ಆಯ್ತು, ಮೋಟಾರ್ ಸರಿ ಇದೆ’ ಅಂತ ಮನಸಲ್ಲೇ ಹೇಳ್ಕೊಂಡು, ಉಸಿರು ಬಿಟ್ಟು, ನೋವನ್ನ ಹೆದರದೆ ಒಂದು ನಿಮಿಷ ಗಮನಿಸ್ತಿದ್ದೆ. ಮೊದಲು ನಗು ಬರ್ತಿತ್ತು. ಆದ್ರೆ ಕೆಲಸ ಮಾಡ್ತು.

3. ಸ್ವಲ್ಪ ಸ್ವಲ್ಪ ಭಾರ ಏರಿಸಿದೆ. ಮೊದಲ ವಾರ ಖಾಲಿ ಬಕೆಟ್ ಬಗ್ಗಿ ಎತ್ತೋದು, ದಿನಕ್ಕೆ ಹತ್ತು ಸಲ. ಆಮೇಲೆ 3 ಲೀಟರ್ ನೀರು, 5 ಲೀಟರ್, 10 ಲೀಟರ್. ನರ್ಸರಿ ಸಸಿಯನ್ನ ಒಮ್ಮೆಲೇ ಬಿಸಿಲಿಗೆ ಇಡ್ತೀವಾ? ನೆರಳು ಕಮ್ಮಿ ಮಾಡ್ತಾ ಹದ ಮಾಡ್ತೀವಲ್ಲ, ಅದೇ.

4. ಮಾರನೇ ದಿನದ ನಿಯಮ. ಕೆಲಸ ಮಾಡುವಾಗ ನೋವು ಸ್ವಲ್ಪ ಏರಿದ್ರೂ ಮಾರನೇ ದಿನಕ್ಕೆ ಮಾಮೂಲಿಗೆ ಬಂದ್ರೆ ಪರವಾಗಿಲ್ಲ, ಮುಂದುವರಿ. ಇಳೀದೇ ಇದ್ರೆ ಒಂದು ಮೆಟ್ಟಿಲು ಕೆಳಗೆ ಬಾ, ಪೂರ್ತಿ ನಿಲ್ಲಿಸಬೇಡ.

5. ಒಳ್ಳೇ ದಿನ ಹುಚ್ಚು ಧೈರ್ಯ ಮಾಡ್ಲಿಲ್ಲ. ನೋವಿಲ್ಲ ಅಂತ ಒಂದೇ ದಿನ ಎಲ್ಲಾ ಕೆಲಸ ಮುಗಿಸಿ ಮೂರು ದಿನ ಮಲಗೋದು ನಮ್ಮೆಲ್ಲರ ಅಭ್ಯಾಸ. ಎರಡು ಸಲ ನಾನೂ ಮಾಡಿ ಪೆಟ್ಟು ತಿಂದೆ.

6. ಮಾತ್ರೆ ನುಂಗಿ ಸ್ಪ್ರೇ ಪಂಪ್ ಹೊರೋದು ಬಿಟ್ಟೆ. ಅದು ರಿಲೇಗೆ ಕಡ್ಡಿ ಸಿಗಿಸಿ ಮೋಟಾರ್ ಓಡಿಸಿದ ಹಾಗೆ. ಮೆಡಿಕಲ್ ಶಾಪ್‌ನಿಂದ ತಾವೇ ತಗೊಂಡು ತಿಂಗಳುಗಟ್ಟಲೆ ನುಂಗೋ ನೋವಿನ ಮಾತ್ರೆ ಹೊಟ್ಟೆಗೂ ಕಿಡ್ನಿಗೂ ತೊಂದರೆ ಕೊಡುತ್ತೆ. ಡಾಕ್ಟರ್ ಹೇಳಿದಷ್ಟು ದಿನ, ಹೇಳಿದಷ್ಟೇ ತಗೊಳ್ಳಿ.

ಮೂರನೇ ತಿಂಗಳಿಗೆ ಬೆಲ್ಟ್ ಬಿಟ್ಟೆ. ಎಂಟನೇ ತಿಂಗಳಿಗೆ ಬಾಳೆಗೊನೆ ಹೆಗಲ ಮೇಲೆ ಹೊತ್ತೆ. ಅವತ್ತು ಅಪ್ಪ ಏನೂ ಮಾತಾಡ್ಲಿಲ್ಲ, ಸುಮ್ನೆ ಪಕ್ಕದಲ್ಲಿ ನಡ್ಕೊಂಡು ಬಂದ್ರು.

ಪೂರ್ತಿ ವಾಸಿಯಾಯ್ತಾ ಅಂತ ಕೇಳಿದ್ರೆ, ಇಲ್ಲ. ತಿಂಗಳಿಗೆ ಎರಡು ಮೂರು ದಿನ ಈಗಲೂ ಹಿಡ್ಕೊಳ್ಳುತ್ತೆ. ವ್ಯತ್ಯಾಸ ಅಂದ್ರೆ ಈಗ ಹೆದರಲ್ಲ. ಹೆದರದೆ ಇದ್ರೆ ಬಂದ ದಾರೀಲೇ ಬೇಗ ಹೋಗುತ್ತೆ.

ಈ ಲಕ್ಷಣ ಇದ್ರೆ ಮಾತ್ರ ಕಾಯಬೇಡಿ

ಕೆಲವೊಮ್ಮೆ ಮೋಟಾರ್‌ನಲ್ಲೇ ನಿಜವಾದ ದೋಷ ಇರುತ್ತೆ. ಆಗ ಟ್ರಿಪ್ ಆಗೋದೇ ಸರಿ. ಹಾಗಾಗಿ ಮೊದಲು ಒಮ್ಮೆ ಡಾಕ್ಟರ್‌ಗೆ ತೋರಿಸಿಯೇ ಈ ದಾರಿ ಹಿಡೀರಿ. ಕೆಳಗಿನವು ಕಂಡ್ರೆ ತಡ ಮಾಡಬೇಡಿ:

- ಮೂತ್ರ ಕಟ್ಟೋದು, ಮೂತ್ರ ಅಥವಾ ಮಲದ ಹಿಡಿತ ತಪ್ಪೋದು, ತೊಡೆ ಸಂದಿ ಜೋಮು ಹಿಡಿಯೋದು. ಇದು ತುರ್ತು ಸ್ಥಿತಿ, ಅದೇ ದಿನ ಆಸ್ಪತ್ರೆಗೆ ಹೋಗಿ.
- ಕಾಲಿನ ಶಕ್ತಿ ಕುಗ್ಗೋದು, ಪಾದ ಎತ್ತೋಕಾಗದೆ ಎಳೆದು ನಡೆಯೋದು.
- ಮರದಿಂದ ಬಿದ್ದು ಅಥವಾ ಟ್ರ್ಯಾಕ್ಟರ್ ಮಗುಚಿ ಆದ ನೋವು.
- ಜ್ವರ, ರಾತ್ರಿ ಬೆವರು, ತೂಕ ಇಳಿಯೋದರ ಜೊತೆ ಬೆನ್ನು ನೋವು. ನಮ್ಮ ಕಡೆ ಬೆನ್ನುಮೂಳೆಗೂ ಟಿಬಿ ಬರುತ್ತೆ. ಹಸು, ಕುರಿ, ಮೇಕೆ ಸಾಕೋರಿಗೆ, ಹಸಿ ಹಾಲು ಕುಡಿಯೋರಿಗೆ ಬ್ರುಸೆಲ್ಲಾ ಸೋಂಕೂ ಹೀಗೇ ಕಾಣಿಸ್ಕೊಳ್ಳಬಹುದು. ಮನೇಲಿ ದನ ಇದ್ರೆ ಡಾಕ್ಟರ್‌ಗೆ ತಪ್ಪದೆ ಹೇಳಿ.
- ಮಲೆನಾಡಿನವರು ಕಾಡಿಗೆ ಹೋಗಿ ಬಂದ ಮೇಲೆ ದಿಢೀರ್ ಜ್ವರ, ತಲೆನೋವು, ಜೋರು ಮೈಕೈ ನೋವು ಬಂದ್ರೆ ಮಂಗನ ಕಾಯಿಲೆ ಪರೀಕ್ಷೆ ಮಾಡಿಸಿ.
- ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ಹೊಸದಾಗಿ ಶುರುವಾದ ಬೆನ್ನು ನೋವು.

ಕೊನೆಗೆ ಒಂದು ಮಾತು

ಇದನ್ನೆಲ್ಲ ಅಮ್ಮನಿಗೆ ಹೇಳಿದಾಗ ಅವರು ಕಳೆ ಕೀಳ್ತಾ ಇದ್ರು. ತಲೆ ಎತ್ತದೇ ಕೇಳಿದ್ರು: ‘ಹಂಗಾದ್ರೆ ನನ್ನ ಮಂಡಿ ನೋವು ಸುಳ್ಳಾ?’ ಇಲ್ಲಮ್ಮ, ಯಾರ ನೋವೂ ಸುಳ್ಳಲ್ಲ ಅಂದೆ. ‘ಮತ್ತೆ ಎರಡು ವರ್ಷ ನೀನು ಬಗ್ಗದೇ ಇದ್ದಾಗ ನಿನ್ನ ಪಾಲಿನ ಕಳೆಯೂ ನಾನೇ ಕಿತ್ತೆನಲ್ಲ, ಅದರ ಲೆಕ್ಕ?’ ಅಂದ್ರು. ಅದಕ್ಕೆ ಉತ್ತರ ಇರ್ಲಿಲ್ಲ. ಪಕ್ಕದ ಸಾಲಲ್ಲಿ ಕೂತು ಕೀಳೋಕೆ ಶುರು ಮಾಡಿದೆ.

ಅದಕ್ಕೇ ಕೇಳ್ಕೊಳ್ತೀನಿ. ಪಕ್ಕದ ತೋಟದ ಹುಡುಗ ಸೊಂಟ ಹಿಡ್ಕೊಂಡು ಕೂತಾಗ ‘ಹೋದ್ರೆ ಹೋದಂಗೆ’ ಅನ್ಬೇಡಿ. ಆ ಮಾತು ಅವನ ರಿಲೇ ಡಯಲ್ ಇನ್ನೂ ಕಮ್ಮಿ ಮಾಡುತ್ತೆ. ‘ಡಾಕ್ಟರ್‌ಗೆ ಒಮ್ಮೆ ತೋರಿಸು, ಭಯಪಡೋದು ಏನೂ ಇಲ್ಲ ಅಂದ್ರೆ ನಿಧಾನಕ್ಕೆ ಓಡಾಡು, ಸರಿ ಹೋಗುತ್ತೆ’ ಅನ್ನಿ. ಅದಕ್ಕೆ ಖರ್ಚೂ ಇಲ್ಲ.

ಗುತ್ತಿಗೆ ಮುಗಿದು ಆ ಒಂದು ಎಕರೆ ವಾಪಸ್ ಬಂದಿದೆ. ಈ ವರ್ಷ ಅಲ್ಲಿ ಸೆಣಬು, ಡಯಾಂಚ ಬಿತ್ತಿ ಮಗುಚಿದ್ದೀನಿ. ಎರೆಹುಳು ಇನ್ನೂ ಕಾಣಿಸ್ತಿಲ್ಲ. ಮಣ್ಣಿಗೂ ಟೈಮ್ ಬೇಕು, ಸ್ವಲ್ಪ ಸ್ವಲ್ಪವಾಗೇ ಏರಿಸ್ಬೇಕು.

ಮುಂದಿನ ವಾರ ಅದೇ ಎಕರೆಯ ಲೆಕ್ಕ ತರ್ತೀನಿ: ಶುಂಠಿ ಹಾಕಿದ ಭೂಮಿಯನ್ನ ಮತ್ತೆ ಸಾವಯವಕ್ಕೆ ತರೋದು ಹೇಗೆ, ಎಷ್ಟು ಖರ್ಚು. ಅಲ್ಲಿವರೆಗೆ ಹೆದರದೆ ಬಗ್ಗಿ, ನಿಧಾನಕ್ಕೆ ಎತ್ತಿ.